ಎಂಟು ಗಂಟೆಯ ಕೆಲಸ, ಹದಿನಾರು ಗಂಟೆಯ ಸಿಟ್ಟು

ಕೆಲಸದ ಮೇಲಿನ ಸಿಟ್ಟಿನ ಬಗ್ಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಒಂದೇ ತೆರನಾದವನ್ನು ಕೂಡಿಸಿ ಏಳನ್ನು ಆರಿಸಿದ್ದೇವೆ. ಬರೆದವರ ಹೆಸರನ್ನೂ ಅವರು ದುಡಿಯುವ ಸಂಸ್ಥೆಯ ಹೆಸರನ್ನೂ ಬಿಟ್ಟಿದ್ದೇವೆ. ವೈದ್ಯರು, ಆಪ್ತಸಮಾಲೋಚಕರು ಮತ್ತು ಕಾರ್ಮಿಕ ಕಾನೂನು ಬಲ್ಲವರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಖಾಸಗಿ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದೇನೆ. ವಯಸ್ಸು 41. ತಿಂಗಳ ಕೊನೆಯ ವಾರ ಟಾರ್ಗೆಟ್ ವಿಚಾರಕ್ಕೆ ಎಲ್ಲರೆದುರು ಬೈಸಿಕೊಳ್ಳುವುದು ಮಾಮೂಲು. ಮನೆಗೆ ಬಂದರೂ ಅದೇ ತಲೆಯಲ್ಲಿ ಸುತ್ತುತ್ತದೆ. ರಾತ್ರಿ ಎಚ್ಚರವಾದರೆ ಮನಸ್ಸಿನಲ್ಲೇ ಮ್ಯಾನೇಜರಿಗೆ ಉತ್ತರ ಕೊಡುತ್ತಾ ಕೂರುತ್ತೇನೆ. ಮೊನ್ನೆ ಕ್ಲಿನಿಕ್ಕಿನಲ್ಲಿ ಬಿ.ಪಿ. 146/94 ಬಂತು. ಸಿಟ್ಟಿನಿಂದ ಹೃದಯಕ್ಕೆ ಪೆಟ್ಟು ಅನ್ನುವುದು ನಿಜವೋ, ಬರೀ ಮಾತೋ?
— ದಾವಣಗೆರೆ

ಉತ್ತರ: ನಿಜ. ಆದರೆ ಎಷ್ಟು ನಿಜ ಎಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಇಲ್ಲದಿದ್ದರೆ ಸಿಟ್ಟಿನ ಜೊತೆಗೆ ಹೆದರಿಕೆಯೂ ಸೇರಿಕೊಳ್ಳುತ್ತದೆ.

ಸಿಟ್ಟು ಬಂದ ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಎದೆಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಯಕೃತ್ತು ಸಕ್ಕರೆ ಬಿಡುಗಡೆ ಮಾಡುತ್ತದೆ, ಹೆಪ್ಪುಗಟ್ಟಿಸುವ ರಕ್ತದ ಕಿರುಬಿಲ್ಲೆಗಳು ಸ್ವಲ್ಪ ಹೆಚ್ಚು ಅಂಟಂಟಾಗುತ್ತವೆ. ಹೊಡೆದಾಟಕ್ಕೋ ಓಟಕ್ಕೋ ದೇಹ ಮಾಡಿಕೊಳ್ಳುವ ತಯಾರಿ ಇದು. ಕುರ್ಚಿಯಲ್ಲಿ ಕೂತು 'ಆಯ್ತು ಸಾರ್' ಅನ್ನುವವನಿಗೆ ಈ ತಯಾರಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಇದರ ಹಿಂದೆಯೇ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ, ಅದು ಇಳಿಯುವುದು ನಿಧಾನ.

ಸಿಟ್ಟು ಸ್ಫೋಟಿಸಿದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚುತ್ತದೆ ಎಂದು ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2014ರಲ್ಲಿ ಇಂಥ ಒಂಬತ್ತು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸುಮಾರು ಐದು ಪಟ್ಟು ಬಂತು. ಕೇಳಲು ಭಯಂಕರ. ಆದರೆ ಆರೋಗ್ಯವಂತನಿಗೆ ಯಾವುದೇ ಎರಡು ಗಂಟೆಯಲ್ಲಿ ಹೃದಯಾಘಾತವಾಗುವ ಸಾಧ್ಯತೆ ತೀರಾ ಸಣ್ಣದು, ಸಣ್ಣದರ ಐದು ಪಟ್ಟೂ ಸಣ್ಣದೇ. ಅದೇ ತಂಡದ ಅಂದಾಜಿನಂತೆ, ಹೃದ್ರೋಗದ ಅಪಾಯ ಕಡಿಮೆ ಇರುವ 10,000 ಜನ ತಿಂಗಳಿಗೊಮ್ಮೆ ಸಿಡಿದರೆ ವರ್ಷಕ್ಕೆ ಒಂದು ಹೃದಯಾಘಾತ ಹೆಚ್ಚಾಗುತ್ತದೆ. ದಿನಕ್ಕೆ ಐದು ಸಲ ಸಿಡಿದರೆ 158. ಮೊದಲೇ ಅಪಾಯ ಹೆಚ್ಚಿರುವವರಲ್ಲಿ 657. ಅಂದರೆ ಪೆಟ್ಟು ಕೊಡುವುದು ಒಂದು ದಿನದ ಸಿಡುಕಿಗಿಂತ ದಿನವೂ ಮರುಕಳಿಸುವ ಸಿಡುಕು.

ನಿಮ್ಮ ಪತ್ರದಲ್ಲಿ ನಮಗೆ ಬಿ.ಪಿ.ಗಿಂತ ಮುಖ್ಯವಾಗಿ ಕಂಡದ್ದು ರಾತ್ರಿ ಎದ್ದು ಮ್ಯಾನೇಜರಿಗೆ ಉತ್ತರ ಕೊಡುವ ಸಾಲು. 2024ರಲ್ಲಿ ನ್ಯೂಯಾರ್ಕಿನ ಸಂಶೋಧಕರು 280 ಆರೋಗ್ಯವಂತರ ಮೇಲೆ ಒಂದು ಪರೀಕ್ಷೆ ನಡೆಸಿದರು. ಸಿಟ್ಟಿನ ಗುಂಪಿನವರನ್ನು ಯಾರೂ ಬೈಯಲಿಲ್ಲ, ಕೆಣಕಲಿಲ್ಲ. ಹಿಂದೆ ಸಿಟ್ಟು ತರಿಸಿದ ಒಂದು ಘಟನೆಯನ್ನು ಎಂಟು ನಿಮಿಷ ನೆನೆಯಿರಿ ಎಂದರು, ಅಷ್ಟೆ. ಅಷ್ಟಕ್ಕೇ ರಕ್ತನಾಳಗಳು ಸಲೀಸಾಗಿ ಹಿಗ್ಗುವ ಗುಣ ಕುಗ್ಗಿ, ಆ ಪರಿಣಾಮ 40 ನಿಮಿಷದವರೆಗೆ ಕಂಡಿತು. ಬೈಗುಳ ಕಚೇರಿಯಲ್ಲಿ ಹತ್ತು ನಿಮಿಷ ನಡೆದಿರಬಹುದು. ಅದನ್ನು ಬೈಕಿನಲ್ಲಿ, ಊಟದ ತಟ್ಟೆಯ ಮುಂದೆ, ಹಾಸಿಗೆಯಲ್ಲಿ ಮೆಲುಕು ಹಾಕಿದಷ್ಟೂ ಸಲ ದೇಹ ಹೊಸದಾಗಿ ಬೈಸಿಕೊಳ್ಳುತ್ತದೆ. ನಿಮ್ಮ ಹಾನಿಯ ದೊಡ್ಡ ಪಾಲು ಕಚೇರಿಯ ಎಂಟು ಗಂಟೆಯ ಆಚೆಗಿದೆ. ಒಂದು ರೀತಿಯಲ್ಲಿ ಇದು ಒಳ್ಳೆಯ ಸುದ್ದಿ, ಏಕೆಂದರೆ ಆ ಗಂಟೆಗಳ ಮೇಲೆ ಮ್ಯಾನೇಜರಿಗೆ ಅಧಿಕಾರವಿಲ್ಲ.

ಇನ್ನು ಬಿ.ಪಿ. ಕ್ಲಿನಿಕ್ಕಿನ ಒಂದು ಅಳತೆಯಿಂದ ಏನನ್ನೂ ತೀರ್ಮಾನಿಸಬೇಡಿ, ಹಾಗೆಂದು ಕಡೆಗಣಿಸಲೂ ಬೇಡಿ. ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ತನ್ನಿ, ಮಣಿಕಟ್ಟಿನದು ಬೇಡ. ಏಳು ದಿನ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತಿರಿ. ತೋಳು ಮೇಜಿನ ಮೇಲೆ ಎದೆಯ ಮಟ್ಟದಲ್ಲಿರಲಿ. ಅಳೆಯುವಾಗ ಮಾತು, ಫೋನು ಎರಡೂ ಬೇಡ. ಎರಡು ಅಳತೆಗಳ ನಡುವೆ ಒಂದು ನಿಮಿಷ ಬಿಡಿ. ಮೊದಲ ದಿನದ ಅಂಕಿ ಕೈಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆಯಿರಿ. 135/85 ಅಥವಾ ಅದಕ್ಕಿಂತ ಮೇಲಿದ್ದರೆ ಆ ಪಟ್ಟಿಯನ್ನೇ ವೈದ್ಯರಿಗೆ ತೋರಿಸಿ. ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ: ಸಿಟ್ಟು ಬಂದಾಗಲೆಲ್ಲ ಯಂತ್ರ ಕಟ್ಟಿಕೊಂಡು ನೋಡುವುದು, ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟುವುದು. ಎರಡರಲ್ಲೂ ಅಂಕಿ ಸುಳ್ಳೇ ಮೇಲೇರುತ್ತದೆ.

ಎದೆ ನಡುವೆ ಒತ್ತಿದಂತಾಗಿ ಹತ್ತು ನಿಮಿಷವಾದರೂ ಹೋಗದಿದ್ದರೆ, ನೋವು ಎಡತೋಳಿಗೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಬಂದರೆ, 'ಟೆನ್ಷನ್ನಿಗೆ ಹೀಗಾಗಿದೆ' ಎಂದು ಕೂರಬೇಡಿ. 108ಕ್ಕೆ ಕರೆ ಮಾಡಿ. ಹಳ್ಳಿಯಲ್ಲಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅಲ್ಲಿ ಇಸಿಜಿ ತೆಗೆದು, ಬೇಕಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನೂ ಕೊಡುವ ವ್ಯವಸ್ಥೆ 2023ರಿಂದ ಇದೆ.

ಪ್ರಶ್ನೆ: ಆಫೀಸಿನ ಸಿಟ್ಟಿನಿಂದಲೇ ನನಗೆ ಅಲ್ಸರ್ ಆಗಿದೆ ಎಂದು ಮನೆಯವರು ಹೇಳುತ್ತಾರೆ. ಮಜ್ಜಿಗೆ ಕುಡಿದು ಸಹಿಸಿಕೊಂಡಿದ್ದೇನೆ.
— ಶಿವಮೊಗ್ಗ

ಉತ್ತರ: ಹೆಚ್ಚಿನ ಹುಣ್ಣುಗಳಿಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇಲ್ಲವೆ ನೋವಿನ ಮಾತ್ರೆಗಳು. ಅದನ್ನು ತೋರಿಸಿಕೊಟ್ಟ ಆಸ್ಟ್ರೇಲಿಯಾದ ಇಬ್ಬರು ವೈದ್ಯರಿಗೆ 2005ರಲ್ಲಿ ನೊಬೆಲ್ ಸಿಕ್ಕಿತು. ಸಿಟ್ಟು ಉರಿಯನ್ನು ಹೆಚ್ಚಿಸಬಹುದು. ಸಿಟ್ಟಿಗೆ ಬರುವ ತಲೆನೋವಿಗೆಂದು ಬರಿ ಹೊಟ್ಟೆಯಲ್ಲಿ ನುಂಗುವ ಡೈಕ್ಲೊಫೆನಾಕ್ ಮಾತ್ರೆ ಹುಣ್ಣನ್ನೇ ಮಾಡಬಹುದು. ಅಂಥ ಮಾತ್ರೆ ನುಂಗುತ್ತಿದ್ದರೆ ನಿಲ್ಲಿಸಿ, ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ. ಇದ್ದರೆ ಎರಡು ವಾರದ ಔಷಧಿ ಸಾಮಾನ್ಯವಾಗಿ ಸಾಕಾಗುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಸಾಫ್ಟ್‌ವೇರ್ ಟೆಸ್ಟಿಂಗ್, ಅಮೆರಿಕದ ಸಮಯಕ್ಕೆ ಶಿಫ್ಟ್. ಟೀಮ್ ಲೀಡ್ ಮೇಲಿನ ಸಿಟ್ಟನ್ನು ಒಳಗಿಟ್ಟುಕೊಳ್ಳಬಾರದೆಂದು ದಿನಾ ಗೆಳತಿಗೆ ಒಂದು ಗಂಟೆ ಫೋನ್ ಮಾಡಿ ಎಲ್ಲ ಹೇಳಿಕೊಳ್ಳುತ್ತೇನೆ. ಜಿಮ್ಮಿನಲ್ಲಿ ಪಂಚಿಂಗ್ ಬ್ಯಾಗಿಗೆ ಆ ಲೀಡ್ ಮುಖವಿದೆಯೆಂದುಕೊಂಡು ಗುದ್ದುತ್ತೇನೆ. ಆದರೂ ಆರು ತಿಂಗಳಿಂದ ಸಿಟ್ಟು ಕಡಿಮೆಯಾಗುತ್ತಿಲ್ಲ, ಯಾಕೆ?
— ಬೆಂಗಳೂರು

ಉತ್ತರ: ನೀವು ಮಾಡುತ್ತಿರುವುದೇ ಕಾರಣವಿರಬಹುದು. ಸಿಟ್ಟೆಂದರೆ ಕುಕ್ಕರಿನ ಹಬೆ, ಸೀಟಿ ಹೊಡೆಸಿದರೆ ಒತ್ತಡ ಇಳಿಯುತ್ತದೆ ಎಂಬ ನಂಬಿಕೆ ಹಳೆಯದು. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಿಟ್ಟು ಬರಿಸಿದ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಸಿಟ್ಟು ತರಿಸಿದವನನ್ನು ನೆನೆಯುತ್ತಾ ಬ್ಯಾಗಿಗೆ ಗುದ್ದಿದವರಲ್ಲಿ ಸಿಟ್ಟು ಉಳಿದವರಿಗಿಂತ ಹೆಚ್ಚಿತ್ತು. ಏನೂ ಮಾಡದೆ ಸುಮ್ಮನೆ ಕುಳಿತವರೇ ವಾಸಿ. 2024ರಲ್ಲಿ 154 ಅಧ್ಯಯನಗಳನ್ನು ಕೂಡಿಸಿ ನೋಡಿದಾಗಲೂ ದೇಹದ ಕಾವನ್ನು ಇಳಿಸುವ ಕೆಲಸಗಳು ಸಿಟ್ಟನ್ನು ತಗ್ಗಿಸಿದವು, ಕಾವು ಏರಿಸುವವು ತಗ್ಗಿಸಲಿಲ್ಲ. ವ್ಯಾಯಾಮ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಬ್ಯಾಗಿನ ಮೇಲಿನ ಮುಖವನ್ನು ಮಾತ್ರ ತೆಗೆಯಿರಿ.

ಕಾವು ಇಳಿಸಲು ಎಲ್ಲಕ್ಕಿಂತ ಸುಲಭದ್ದು ಉಸಿರು. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ನಿಮಿಷಕ್ಕೆ ಆರು ಉಸಿರಾಯಿತು. ಐದು ನಿಮಿಷ ಮಾಡಿ. ಬಹಳ ಜನ 'ದೀರ್ಘವಾಗಿ' ಅಂದೊಡನೆ ಎದೆಯುಬ್ಬಿಸಿ ಗಾಳಿ ತುಂಬಿಕೊಳ್ಳುತ್ತಾರೆ. ಆಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ, 'ನನಗಿದು ಆಗಿಬರುವುದಿಲ್ಲ' ಎಂದು ಬಿಟ್ಟುಬಿಡುತ್ತಾರೆ. ಉಸಿರು ನಿಧಾನವಿರಬೇಕು, ಆಳವಿರಬೇಕಾಗಿಲ್ಲ. ಹೊಟ್ಟೆ ಸ್ವಲ್ಪ ಏರಿಳಿದರೆ ಸಾಕು. ಸಿಟ್ಟು ಬಂದ ಮೇಲೆ ಮೊದಲ ಸಲ ಪ್ರಯತ್ನಿಸಿದರೆ ಕೈಗೆ ಹತ್ತುವುದಿಲ್ಲ. ಶಿಫ್ಟಿಗೆ ಕೂರುವ ಮೊದಲು ದಿನವೂ ರೂಢಿ ಮಾಡಿಕೊಂಡಿರಿ.

ಗೆಳತಿಯ ಫೋನನ್ನು ನಿಲ್ಲಿಸಿ ಎನ್ನುವುದಿಲ್ಲ, ಹದಿನೈದು ನಿಮಿಷಕ್ಕೆ ಇಳಿಸಿ. ಘಟನೆ ಹೇಳಿದ ಮೇಲೆ ಆಕೆ 'ಹೌದಾ, ಇನ್ನೇನಂದ್ಲು?' ಎಂದು ಕೇಳಿದರೆ ಮೆಲುಕು ಮುಂದುವರಿಯುತ್ತದೆ. 'ನಾಳೆ ಏನು ಮಾಡ್ತೀಯಾ?' ಎಂದು ಕೇಳಲು ಅವರಿಗೆ ಹೇಳಿಡಿ. ಉಳಿದದ್ದನ್ನು ಬರೆಯಿರಿ: ದಿನಕ್ಕೆ 20 ನಿಮಿಷ, ಸತತ ನಾಲ್ಕು ದಿನ, ಕಾಗುಣಿತ ನೋಡದೆ, ಯಾರಿಗೂ ತೋರಿಸದೆ. ಏನಾಯಿತು ಎನ್ನುವುದರ ಜೊತೆಗೆ ಅದು ನನಗೇಕೆ ಇಷ್ಟು ತಟ್ಟಿತು ಎಂದೂ ಬರೆಯಬೇಕು. 1994ರಲ್ಲಿ ಅಮೆರಿಕದಲ್ಲಿ ಕೆಲಸ ಕಳೆದುಕೊಂಡ ವೃತ್ತಿಪರರಲ್ಲಿ ಹೀಗೆ ಬರೆದವರಿಗೆ ಬರೆಯದವರಿಗಿಂತ ಬೇಗ ಕೆಲಸ ಸಿಕ್ಕಿತೆಂದು ಅಧ್ಯಯನವೊಂದು ತೋರಿಸಿತು. ಒಳಗಿನ ಕಹಿ ಸಂದರ್ಶನದಲ್ಲಿ ಹೊರಬೀಳದಿದ್ದುದೇ ಕಾರಣವಿರಬಹುದು ಎಂಬುದು ಒಂದು ಊಹೆ. ನಾಲ್ಕು ದಿನಕ್ಕೆ ನಿಲ್ಲಿಸಿ. ನಲವತ್ತು ದಿನ ಬರೆದರೆ ಅದೂ ಮೆಲುಕೇ.

ಇನ್ನೊಂದು ಮಾತು. ರಾತ್ರಿ ಶಿಫ್ಟಿನವರು ಸಿಟ್ಟಿನ ದೂರನ್ನು ಲೀಡ್ ಮೇಲೆ ಹೊರಿಸುವ ಮುನ್ನ ನಿದ್ದೆಯ ಲೆಕ್ಕ ತೆಗೆಯಬೇಕು. ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ ಸಾಧಾರಣ ಇಮೇಲೂ ಚುಚ್ಚು ಮಾತಿನಂತೆ ಕಾಣುತ್ತದೆ. ಕಾಫಿಯ ಅರ್ಧದಷ್ಟು ಕೆಫೀನ್ ಐದಾರು ಗಂಟೆಯ ಮೇಲೂ ರಕ್ತದಲ್ಲಿರುತ್ತದೆ. ಬೆಳಗಿನ ನಾಲ್ಕಕ್ಕೆ ಮಲಗುವವರಾದರೆ ರಾತ್ರಿ ಹತ್ತರ ನಂತರ ಕಾಫಿ ಬೇಡ.

ಪ್ರಶ್ನೆ: ತಾಲ್ಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಅರ್ಜಿಗಳಿಗೆ ಸಕಾಲ ಕಾಯ್ದೆ ಹಾಕಿದ ಗಡುವು ನನ್ನ ತಲೆ ಮೇಲೆ, ಸಹಿ ಮಾತ್ರ ಸಾಹೇಬರ ಕೈಯಲ್ಲಿ. ಜನ ಬಂದು ಬೈಯುವುದು ನನಗೆ. ನೌಕರಿ ಕಂಡರೆ ಮೈ ಉರಿಯುತ್ತದೆ. ಬಿಡುತ್ತೇನೆ ಅಂದರೆ ಮನೆಯವರು 'ಸರ್ಕಾರಿ ನೌಕರಿ ಬಿಡಾಂವ ಹುಚ್ಚ' ಅಂತಾರೆ. ಏನು ಮಾಡಲಿ?
— ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮ ಒಂದು ಸಾಲಿನಲ್ಲಿ ಒಂದು ಸಿದ್ಧಾಂತವೇ ಅಡಗಿದೆ. ಕೆಲಸದ ಭಾರ ಹೆಚ್ಚಿದ್ದು, ಅದನ್ನು ಹೇಗೆ, ಯಾವಾಗ ಮಾಡಬೇಕೆಂಬ ಹಿಡಿತ ಕಡಿಮೆ ಇರುವ ಕೆಲಸವೇ ಮನುಷ್ಯನನ್ನು ಹೆಚ್ಚು ಹಣ್ಣು ಮಾಡುತ್ತದೆ ಎಂದು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಹೇಳಿದರು. ಬರೀ ಭಾರವಲ್ಲ, ಹಿಡಿತವಿಲ್ಲದ ಭಾರ. ಇದಕ್ಕೆ ಪುರಾವೆ ಸಿಕ್ಕಿದ್ದೂ ಸರ್ಕಾರಿ ಕಚೇರಿಗಳಲ್ಲೇ. ಲಂಡನ್ನಿನ ಸರ್ಕಾರಿ ನೌಕರರನ್ನು 1967ರಿಂದ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ, ಮೇಲಧಿಕಾರಿಗಳಿಗೆ 'ಟೆನ್ಷನ್' ಹೆಚ್ಚು, ಹೃದ್ರೋಗವೂ ಅವರಿಗೇ ಹೆಚ್ಚು ಎಂಬ ನಂಬಿಕೆ ತಲೆಕೆಳಗಾಯಿತು. ಅತಿ ಕೆಳಗಿನ ದರ್ಜೆಯವರ ಸಾವಿನ ಪ್ರಮಾಣ ಅತಿ ಮೇಲಿನವರ ಮೂರು ಪಟ್ಟಿನಷ್ಟಿತ್ತು. ಸಿಗರೇಟು, ಬಿ.ಪಿ., ಕೊಲೆಸ್ಟರಾಲ್ ಎಲ್ಲ ಲೆಕ್ಕ ಹಾಕಿದರೂ ಅಂತರ ಪೂರ್ತಿ ಮುಚ್ಚಲಿಲ್ಲ. ಮುಂದಿನ ಅಧ್ಯಯನದಲ್ಲಿ, ಕೆಲಸದ ಮೇಲಿನ ಹಿಡಿತದ ಕೊರತೆಯೂ ಒಂದು ದೊಡ್ಡ ಕಾರಣವೆಂದು ತಿಳಿಯಿತು.

ಹಾಗಾಗಿ ನೌಕರಿ ಬಿಡುವುದೋ ಇರುವುದೋ ಎಂಬ ಪ್ರಶ್ನೆಯನ್ನು ಎರಡು ವಾರ ಪಕ್ಕಕ್ಕಿಡಿ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಸಮಯ, ಏನಾಯಿತು, ಸಿಟ್ಟು ಹತ್ತಕ್ಕೆ ಎಷ್ಟು, ಆಮೇಲೆ ನಾನೇನು ಮಾಡಿದೆ. ಸಿಟ್ಟು ಐದು ದಾಟಿದಾಗ ಮಾತ್ರ ಬರೆಯಿರಿ. ಎರಡನೆಯ ಕಾಲಂನಲ್ಲಿ ಕ್ಯಾಮೆರಾಕ್ಕೆ ಕಾಣುವಷ್ಟೇ ಇರಲಿ. 'ಅವಮಾನ ಮಾಡಿದರು' ಎಂದು ಬರೆದರೆ ಹದಿನೈದು ದಿನದ ಮೇಲೆ ಅದರಿಂದ ಏನೂ ತಿಳಿಯುವುದಿಲ್ಲ. 'ಮೂರು ಜನ ಅರ್ಜಿದಾರರ ಮುಂದೆ ಕಡತ ಮೇಜಿನ ಮೇಲೆ ಎಸೆದರು' ಎಂದರೆ ತಿಳಿಯುತ್ತದೆ. ಇಪ್ಪತ್ತು ಮೂವತ್ತು ನಮೂದು ಸೇರಿದ ಮೇಲೆ ಓದಿದರೆ 'ಇಡೀ ನೌಕರಿ' ಎಂದುಕೊಂಡದ್ದು ಹೆಚ್ಚಾಗಿ ಎರಡು ಮೂರು ಸಂಗತಿಗಳಾಗಿ ಕುಗ್ಗಿರುತ್ತದೆ. ಸಹಿಯ ವಿಳಂಬ, ಒಬ್ಬ ಮಧ್ಯವರ್ತಿ, ಮಧ್ಯಾಹ್ನದ ಕೌಂಟರ್ ಪಾಳಿ, ಹೀಗೆ.

ಸಹಿಯ ವಿಚಾರಕ್ಕೆ ಬರೋಣ. ಸಕಾಲ ಕಾಯ್ದೆಯಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಮೊತ್ತ ಸಣ್ಣದು, ತಪ್ಪು ಯಾರದೆಂಬ ದಾಖಲೆ ದೊಡ್ಡದು. ಕಡತ ಮೇಲಕ್ಕೆ ಕಳಿಸಿದ ದಿನಾಂಕ ಟಿಪ್ಪಣಿಯಲ್ಲಿ ಇರಲಿ. ಕಡತಗಳ ಕಂಪ್ಯೂಟರ್ ವ್ಯವಸ್ಥೆಯಾದ ಇ-ಆಫೀಸ್ ಇದ್ದರೆ ಅದೇ ಹಾಕಿಕೊಳ್ಳುತ್ತದೆ. ಗಡುವಿಗೆ ಮೂರು ದಿನ ಉಳಿದವುಗಳ ಪಟ್ಟಿಯನ್ನು ಪ್ರತಿದಿನ ಬೆಳಿಗ್ಗೆ ಸಾಹೇಬರ ಮೇಜಿಗೆ ಇಡಿ. ನಂತರ ಅವರ ಹತ್ತಿರ ಒಂದೇ ಮಾತು ಕೇಳಿ: 'ಸರ್, ದಿನಾ ಮೂರು ಗಂಟೆಗೆ ಗಡುವಿನ ಕಡತ ನಾನೇ ತರ್ತೀನಿ, ಹದಿನೈದು ನಿಮಿಷ ಕೊಡ್ರಿ.' ದೂರು, ಹಳೆಯ ಲೆಕ್ಕ, ಬೇರೆಯವರ ಹೋಲಿಕೆ ಇದರ ಜೊತೆ ಬೆರೆಸಬೇಡಿ. ನಾಲ್ಕು ವಿಷಯ ಒಟ್ಟಿಗೆ ಎತ್ತಿದರೆ ಅವರು ತಮಗೆ ಸುಲಭವಾದ ಒಂದಕ್ಕೆ ಉತ್ತರ ಕೊಟ್ಟು ಕಳಿಸುತ್ತಾರೆ.

ಅರ್ಜಿದಾರರು ಬೈಯುವಾಗ 'ನನ್ನ ಕೈಯಲ್ಲಿಲ್ಲ' ಎಂಬ ಉತ್ತರ ಬೆಂಕಿಗೆ ಎಣ್ಣೆ. ಕಡತ ಎಲ್ಲಿದೆ, ಯಾವ ದಿನಾಂಕದಿಂದ, ಗಡುವು ಎಂದು, ದಾಟಿದರೆ ಮೇಲ್ಮನವಿ ಯಾರಿಗೆ ಎಂಬ ನಾಲ್ಕನ್ನೂ ಚೀಟಿಯಲ್ಲಿ ಬರೆದು ಕೊಡಿ. ಬೈಗುಳದ ಅರ್ಧ ಭಾಗ ಏನೂ ಗೊತ್ತಾಗದೆ ಅಲೆದಾಡಿದ್ದಕ್ಕೆ ಬಂದದ್ದು.

ಇಷ್ಟೆಲ್ಲ ಮಾಡಿ ಮೂರು ತಿಂಗಳ ಮೇಲೂ ನೋಟ್‌ಬುಕ್ಕಿನ ಅಂಕಿ ಇಳಿಯದಿದ್ದರೆ ಶಾಖೆ ಬದಲಾವಣೆ, ವರ್ಗಾವಣೆ, ಬೇರೆ ಪರೀಕ್ಷೆಯ ತಯಾರಿ ಎಲ್ಲಕ್ಕೂ ನಿಮ್ಮ ಬಳಿ ಕಾರಣವಿರುತ್ತದೆ. ಮನೆಯವರ ಮುಂದೆ ಮೈ ಉರಿಯ ಬದಲು ನೋಟ್‌ಬುಕ್ ಇಡಬಹುದು.

ಪ್ರಶ್ನೆ: ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ರೋಗಿಯ ಕಡೆಯವರು ಕೂಗಾಡಿದರೂ ನಗುಮುಖ ಇಟ್ಟುಕೊಳ್ಳಬೇಕು. ನಾನು ಸಿಟ್ಟು ತೋರಿಸುವುದೇ ಇಲ್ಲ, ಹಾಗಾಗಿ ನನಗೆ ಹಾನಿಯಿಲ್ಲ ಅಲ್ಲವೇ?
— ಮಂಗಳೂರು

ಉತ್ತರ: ತೋರಿಸದ ಮಾತ್ರಕ್ಕೆ ದೇಹಕ್ಕೆ ರಿಯಾಯಿತಿ ಸಿಗುವುದಿಲ್ಲ. ಒಳಗಿನ ಭಾವವನ್ನು ಕೆಲಸಕ್ಕೆ ತಕ್ಕಂತೆ ಒಗ್ಗಿಸುವುದನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಭಾವನಾತ್ಮಕ ದುಡಿಮೆ ಎಂದು ಕರೆದರು. ಅದರಲ್ಲಿ ಎರಡು ಬಗೆ. ಒಳಗೆ ಕುದಿಯುತ್ತಾ ಮುಖದಲ್ಲಿ ಮಾತ್ರ ನಗುವುದು ಒಂದು. 'ಇವರ ತಾಯಿ ಐಸಿಯುದಲ್ಲಿದ್ದಾರೆ, ಹೆದರಿಕೊಂಡೇ ಕೂಗುತ್ತಿದ್ದಾರೆ' ಎಂದು ಒಳಗಿನ ಅರ್ಥವನ್ನೇ ಬದಲಿಸಿಕೊಳ್ಳುವುದು ಇನ್ನೊಂದು. ಬಳಲಿಕೆ ತರುವುದು ಮುಖ್ಯವಾಗಿ ಮೊದಲನೆಯದು.

ಎರಡನೆಯದನ್ನು ಎಲ್ಲ ಕಡೆ ಬಳಸಬೇಡಿ. ಭಯದಿಂದ ಕೂಗುವವರಿಗೆ ಸರಿ, ಅಶ್ಲೀಲವಾಗಿ ಬೈಯುವವರಿಗೆ ಅದು ಸಲ್ಲದು. ಅಲ್ಲಿ ಒಂದು ಸಿದ್ಧ ವಾಕ್ಯ ಬಾಯಿಪಾಠವಿರಲಿ: 'ನಿಮ್ಮ ಪ್ರಶ್ನೆಗೆ ಉತ್ತರ ಕೊಡ್ತೇನೆ. ಈ ಭಾಷೆಯಲ್ಲಿ ಮಾತಾಡಿದ್ರೆ ಸಿಸ್ಟರ್ ಇನ್‌ಚಾರ್ಜ್ ಅವರನ್ನು ಕರೀತೇನೆ.' ಹೇಳಿದ ಮೇಲೆ ಕರೆಯಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಆ ವಾಕ್ಯಕ್ಕೆ ಬೆಲೆಯಿಲ್ಲ. ಕೈ ಎತ್ತಿದರೆ ವಾರ್ಡಿನೊಳಗೇ ರಾಜಿ ಮಾಡಿ ಮುಗಿಸಬೇಡಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಗೆ ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆಯಿದೆ.

ಅಂಥ ಘಟನೆಯಾದ ಕೂಡಲೇ ಔಷಧಿ ಕೊಡುವ ಸುತ್ತಿಗೆ ಹೋಗುವುದು ಅಪಾಯ. ಸಿಟ್ಟಿನಲ್ಲಿ ಗಮನದ ವ್ಯಾಪ್ತಿ ಕಿರಿದಾಗುತ್ತದೆ. ಇಂಜೆಕ್ಷನ್ನಿನ ಪ್ರಮಾಣ, ಹೆಸರು ಒಂದೇ ಇರುವ ಇಬ್ಬರು ರೋಗಿಗಳು, ಇಂಥಲ್ಲೇ ತಪ್ಪುತ್ತದೆ. ಐದು ನಿಮಿಷ ಸಹೋದ್ಯೋಗಿಗೆ ಒಪ್ಪಿಸಿ, ಕೈತೊಳೆದು, ನೀರು ಕುಡಿದು ಬನ್ನಿ. ಆಗದಿದ್ದರೆ ಮುಂದಿನ ಎರಡು ಡೋಸುಗಳನ್ನಾದರೂ ಇನ್ನೊಬ್ಬರಿಗೆ ತೋರಿಸಿಯೇ ಕೊಡಿ.

ಪ್ರಶ್ನೆ: ನಮ್ಮ ಯಜಮಾನರು ಮೆಡಿಕಲ್ ರೆಪ್. ಹೊರಗೆ ಎಲ್ಲರಿಗೂ ನಮಸ್ಕಾರ, ಮನೆಗೆ ಬಂದರೆ ಚಪ್ಪಲಿ ಜಾಗದಲ್ಲಿಲ್ಲ ಎಂದು ಮಕ್ಕಳ ಮೇಲೆ ಹರಿಹಾಯುತ್ತಾರೆ. ಈಚೆಗೆ ವಾರಕ್ಕೆ ನಾಲ್ಕು ದಿನ ಕುಡಿದು ಮಲಗುತ್ತಾರೆ. ಕೇಳಿದರೆ 'ನನ್ನ ಕೆಲಸ ನೀನು ಮಾಡಿ ನೋಡು' ಅಂತಾರೆ.
— ಮೈಸೂರು

ಉತ್ತರ: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ನಿಮ್ಮಲ್ಲಿ ಕೊತ್ತಿಯ ಜಾಗದಲ್ಲಿ ಮಕ್ಕಳಿದ್ದಾರೆ. ಮೊದಲು ತಿಳಿಯಬೇಕಾದದ್ದು: ಅವರ ಸಿಟ್ಟನ್ನು ಇಳಿಸುವುದು ನಿಮ್ಮ ಕರ್ತವ್ಯವಲ್ಲ. ಚಪ್ಪಲಿ ಸರಿಯಾಗಿ ಇಟ್ಟರೂ ಅದು ಬೇರೆ ನೆಪ ಹುಡುಕುತ್ತದೆ.

ಬಿಡುವಿನ ದಿನ, ಕುಡಿಯದಿದ್ದಾಗ ಮಾತು ತೆಗೆಯಿರಿ. ಮನೆಗೆ ಬಂದ ಮೊದಲ ಅರ್ಧ ಗಂಟೆ ಅವರಿಗೆ ಬಿಡುವುದು, ಅಷ್ಟರಲ್ಲಿ ಲೆಕ್ಕ, ದೂರು, ಮಾರ್ಕ್ಸ್ ಕಾರ್ಡು ಯಾವುದೂ ಬೇಡ ಎಂದು ಒಪ್ಪಂದ ಮಾಡಿಕೊಳ್ಳಿ. ಅವರ ಪಾಲಿನ ಒಪ್ಪಂದವೂ ಇರಬೇಕು: ಕೊನೆಯ ವೈದ್ಯರ ಭೇಟಿ ಮುಗಿದ ಮೇಲೆ ನಾಳೆಯ ಕಾಲ್ ಪಟ್ಟಿಯನ್ನೂ ಇಂದಿನ ವರದಿಯನ್ನೂ ಬೈಕ್ ಹತ್ತುವ ಮೊದಲೇ ಮುಗಿಸಿ, ಕಂಪನಿಯ ವಾಟ್ಸ್ಆ್ಯಪ್ ಗುಂಪನ್ನು ಮ್ಯೂಟ್ ಮಾಡಿ ಬರುವುದು. ಮೇಲಿನವರ ಮೆಸೇಜು ರಾತ್ರಿ ಹತ್ತಕ್ಕೂ ಬರುತ್ತಿದ್ದರೆ ಅವರ ಕೆಲಸ ಮನೆಯ ಹೊಸ್ತಿಲಲ್ಲಿ ನಿಲ್ಲುವುದೇ ಇಲ್ಲ.

ಕುಡಿತ ನಿದ್ದೆ ಬರಿಸುತ್ತದೆ, ರಾತ್ರಿಯ ದ್ವಿತೀಯಾರ್ಧದಲ್ಲಿ ಅದೇ ನಿದ್ದೆಯನ್ನು ಕೆಡಿಸುತ್ತದೆ. ಮೂರು ಗಂಟೆಗೆ ಎಚ್ಚರ, ಬೆಳಿಗ್ಗೆ ಭಾರ, ಮಧ್ಯಾಹ್ನಕ್ಕೆ ಸಿಡುಕು, ಸಂಜೆಗೆ ಮತ್ತೆ ಬಾಟಲಿ. ಎಷ್ಟೋ ವರ್ಷದ ಕುಡಿತವಾದರೆ ಒಮ್ಮೆಗೇ ನಿಲ್ಲಿಸಲು ಒತ್ತಾಯಿಸಬೇಡಿ, ನಡುಕ, ಫಿಟ್ಸ್ ಬರಬಹುದು. ವೈದ್ಯರ ಮೂಲಕವೇ ಆಗಲಿ. ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಕಾಣದೆ ಸಿಡುಕಾಗಿ ಕಾಣುತ್ತದೆ ಎನ್ನುವುದನ್ನೂ ನೆನಪಿಡಿ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿಯಿಲ್ಲ, ಹಸಿವು ನಿದ್ದೆ ಕೆಟ್ಟಿದೆ, 'ಸತ್ತರೆ ಸಾಕು' ಎಂಬ ಮಾತು ಬರುತ್ತಿದೆ ಎಂದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಕರೆ ಮಾಡಿ ಸಲಹೆ ಕೇಳಬಹುದು.

ಕೈ ಎತ್ತಿದರೆ ಇದು ಕೆಲಸದ ಒತ್ತಡದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮ್ಯಾನೇಜರಿನ ಮುಂದೆ ತಡೆದುಕೊಳ್ಳಬಲ್ಲ ಕೈ ಮನೆಯಲ್ಲೂ ತಡೆದುಕೊಳ್ಳಬಲ್ಲದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣಾಧಿಕಾರಿಗೆ ದೂರು ಕೊಡಬಹುದು. ಬೈಗುಳವೂ ಅದರ ವ್ಯಾಪ್ತಿಗೆ ಬರುತ್ತದೆ.

ಪ್ರಶ್ನೆ: ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್, ಕಾಯಂ ಕೆಲಸಗಾರ, ಸೇರಿ 4 ವರ್ಷ 7 ತಿಂಗಳು. ಬೇಸಿಕ್, ಡಿಎ ಸೇರಿ 18,000. ಸೂಪರ್‌ವೈಸರ್ ಕಾಟ ತಡೆಯೋಕಾಗ್ತಿಲ್ಲ. ನಾಳೆನೇ ಐಡಿ ಕಾರ್ಡ್ ಮುಖಕ್ಕೆಸೆದು ಬಂದ್ಬಿಡೋಣ ಅನ್ಸುತ್ತೆ.
— ಪೀಣ್ಯ, ಬೆಂಗಳೂರು

ಉತ್ತರ: ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ನಿಮ್ಮ ಮೂಗಿನ ಬೆಲೆಯನ್ನು ಲೆಕ್ಕ ಹಾಕಬಹುದು. ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟಾದ ಗ್ರಾಚ್ಯುಟಿಗೆ ಕಾಯಂ ನೌಕರರಿಗೆ ಐದು ವರ್ಷದ ಸತತ ಸೇವೆ ಬೇಕು. 18,000ವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, 5ರಿಂದ ಗುಣಿಸಿದರೆ 51,923 ರೂಪಾಯಿ. ಇನ್ನು ಐದು ತಿಂಗಳಿಗೆ ಅದು ನಿಮ್ಮದು. ಐದನೆಯ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕು ಎಂಬ ಹೈಕೋರ್ಟ್ ತೀರ್ಪೂ ಉಂಟು, ಆದರೆ ಎಲ್ಲ ಕಂಪನಿಗಳೂ ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಐದು ತುಂಬಿಸುವುದೇ ಕ್ಷೇಮ. ನೋಟಿಸ್ ಕೊಡದೆ ಎದ್ದು ಬಂದರೆ ನೋಟಿಸ್ ಅವಧಿಯ ಸಂಬಳ ಹಿಡಿದುಕೊಳ್ಳಬಹುದು, ರಿಲೀವಿಂಗ್ ಪತ್ರ ಸಿಗದೆ ಮುಂದಿನ ಕಂಪನಿಯಲ್ಲಿ ಬಾಗಿಲು ಕಾಯಬೇಕಾಗಬಹುದು.

ಈ ಐದು ತಿಂಗಳನ್ನು ಸಹಿಸುವ ಕಾಲವೆಂದುಕೊಂಡರೆ ದಿನ ಸರಿಯುವುದಿಲ್ಲ, ಹೊರಡುವ ತಯಾರಿ ಎಂದುಕೊಳ್ಳಿ. ನೇಮಕಾತಿ ಪತ್ರದಲ್ಲಿ ನೋಟಿಸ್ ಎಷ್ಟು ದಿನವೆಂದು ನೋಡಿ. ಪಿಎಫ್ ಪೋರ್ಟಲ್ಲಿಗೆ ಹೋಗಿ ಯುಎಎನ್ (ಪಿಎಫ್ ಸದಸ್ಯ ಸಂಖ್ಯೆ), ಆಧಾರ್, ಬ್ಯಾಂಕ್ ಖಾತೆಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ಪರೀಕ್ಷಿಸಿ. ಇನಿಷಿಯಲ್ ವ್ಯತ್ಯಾಸವಿದ್ದರೂ ಕ್ಲೇಮ್ ತಿರಸ್ಕಾರವಾಗುತ್ತದೆ. ಕೆಲಸದಲ್ಲಿರುವಾಗಲೇ ಸರಿಪಡಿಸಿಕೊಳ್ಳುವುದು ಸುಲಭ. ಬಿಟ್ಟ ಮೇಲೆ ಪಿಎಫ್ ಹಣ ತೆಗೆಯಬೇಡಿ, ಹೊಸ ಕಂಪನಿಗೆ ವರ್ಗಾಯಿಸಿ: ಒಟ್ಟು ಸೇವೆ ಐದು ವರ್ಷದೊಳಗಿದ್ದರೆ ತೆಗೆದ ಹಣಕ್ಕೆ ತೆರಿಗೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಲೆಕ್ಕವೂ ಕಡಿದುಹೋಗುತ್ತದೆ. ಸಂಬಳದ ಚೀಟಿಗಳನ್ನು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಮೂರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ ಸೇರಲಿ.

ಅಲ್ಲಿಯವರೆಗೆ ಯಂತ್ರದ ಮುಂದೆ ಜಾಗ್ರತೆ. ಸಿಟ್ಟಿನಲ್ಲಿ ಕೈ ಬೇಗ ಓಡುತ್ತದೆ, ಹಂತ ತಪ್ಪುತ್ತದೆ. ಆಫ್‌ಸೆಟ್ಟಿನಲ್ಲಿ (ಟೂಲಿನ ಸ್ಥಾನ ತಿದ್ದುವ ಅಂಕಿಯಲ್ಲಿ) 0.05 ಹಾಕುವಲ್ಲಿ 0.5 ಹೋದರೆ ಟೂಲು ಜಾಬಿಗೆ ಗುದ್ದುತ್ತದೆ. ಸೈಕಲ್ ಬೇಗ ಮುಗಿಸಲು ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಇಂಟರ್‌ಲಾಕನ್ನು ತಪ್ಪಿಸುವುದು, ಜಾಬನ್ನು ಹಿಡಿದು ತಿರುಗುವ ಚಕ್ ಪೂರ್ತಿ ನಿಲ್ಲುವ ಮೊದಲೇ ಗ್ಲೌಸ್ ಕೈಯಿಂದ ಚಿಪ್ಸ್ ಎಳೆಯುವುದು, ಬೆರಳು ಹೋಗುವುದು ಇಂಥ ಹೊತ್ತಿನಲ್ಲೇ. ಸೂಪರ್‌ವೈಸರ್ ಜೊತೆ ಮಾತಾದ ಮೇಲಿನ ಮೊದಲ ಪೀಸನ್ನು ಸಿಂಗಲ್ ಬ್ಲಾಕಿನಲ್ಲಿ (ಒಂದೊಂದೇ ಹಂತವಾಗಿ), ರ‍್ಯಾಪಿಡ್ ವೇಗವನ್ನು 25 ಪರ್ಸೆಂಟಿಗೆ ಇಳಿಸಿ ಓಡಿಸಿ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟರಲ್ಲಿ ನಿಮ್ಮ ಉಸಿರೂ ಹಿಡಿತಕ್ಕೆ ಬಂದಿರುತ್ತದೆ. ಕಾಟವೆಂದರೆ ಏನೆಂದು ನೀವು ಬರೆದಿಲ್ಲ. ಬೈಗುಳ, ಜಾತಿನಿಂದನೆ, ಸಂಬಳ ಕೊಡದ ಓವರ್‌ಟೈಮ್ ಯಾವುದಾದರೂ ಇದ್ದರೆ ದಿನಾಂಕ, ಸಮಯ, ಪಕ್ಕದಲ್ಲಿದ್ದವರ ಹೆಸರು ಬರೆದಿಡಿ. ಅದು ರಾಜೀನಾಮೆಯ ವಿಷಯವಲ್ಲ, ದೂರಿನ ವಿಷಯ; ಎರಡನ್ನೂ ಒಂದೇ ಪತ್ರದಲ್ಲಿ ಸೇರಿಸಬೇಡಿ.

ರಾಜೀನಾಮೆ ಪತ್ರಕ್ಕೆ ಎರಡು ಸಾಲು ಸಾಕು: ಇಂಥ ದಿನಾಂಕದಿಂದ ಕೆಲಸ ಬಿಡುತ್ತಿದ್ದೇನೆ, ನೋಟಿಸ್ ಅವಧಿ ಪೂರೈಸುತ್ತೇನೆ. ಕಾರಣ ಬರೆಯಲೇಬೇಕಾದರೆ 'ವೈಯಕ್ತಿಕ'. ಬರೆದು ಮೂರು ದಿನ ಜೇಬಿನಲ್ಲಿಟ್ಟುಕೊಳ್ಳಿ, ನಾಲ್ಕನೆಯ ದಿನ ಎಚ್.ಆರ್.ಗೆ ಕೊಟ್ಟು ನಕಲಿನ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಕೊನೆಯ ದಿನ ಐಡಿ ಕಾರ್ಡು, ಲಾಕರ್ ಕೀಲಿ, ವರ್ನಿಯರ್, ಮೈಕ್ರೋಮೀಟರ್ ಒಪ್ಪಿಸಿದ್ದಕ್ಕೂ ಒಂದೊಂದಾಗಿ ಸಹಿ ಹಾಕಿಸಿಕೊಂಡೇ ಗೇಟು ದಾಟಿ.